ಬಾಟಲಿಗೆ ಇಸವಿ ಉಂಟು, ಅಡಿಕೆಗೆ ಯಾಕಿಲ್ಲ?

ಬೆಂಗಳೂರಿನಲ್ಲಿ ಸ್ನೇಹಿತರೊಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ಅವರು ಫ್ರಾನ್ಸಿನಿಂದ ತಂದಿದ್ದ ಕೆಂಪು ವೈನಿನ ಬಾಟಲಿ ತೆರೆದರು. ಬೋರ್ಡೋ ಪ್ರಾಂತ್ಯದ್ದು. ಗ್ಲಾಸಿಗೆ ಬಗ್ಗಿಸುವ ಮೊದಲು ಬಾಟಲಿಯನ್ನು ನಮ್ಮ ಕಡೆ ತಿರುಗಿಸಿ, ಹೆಸರಿನ ಕೆಳಗಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟರು: 2021. ‘ಪಾಪ, ಆ ವರ್ಷ ಅವರಿಗೆ ಬಹಳ ಕಷ್ಟದ್ದು. ಏಪ್ರಿಲ್‌ನಲ್ಲಿ ಹಿಮ ಬಿದ್ದು ಚಿಗುರೆಲ್ಲ ಸುಟ್ಟುಹೋಯಿತು. ಆಮೇಲೆ ಮಳೆ, ರೋಗ. ಅದಕ್ಕೇ ಇದು ಸ್ವಲ್ಪ ತೆಳು. ಆದರೆ ಆ ತೆಳುವಿನಲ್ಲೂ ಒಂದು ಚಂದ ಇದೆ, ನೋಡಿ’ ಎಂದರು. ಸುತ್ತ ಕೂತವರು ತಲೆದೂಗಿದರು. ಸುಮಾರು ಎಂಟು ಸಾವಿರ ಕಿಲೋಮೀಟರ್ ಆಚೆಯ, ಯಾರೂ ಕಣ್ಣಿಂದ ನೋಡಿರದ ರೈತನ ಒಂದು ಕೆಟ್ಟ ವರ್ಷಕ್ಕೆ ಆ ಮೇಜಿನ ಮೇಲೆ ಮರುಕ ಸಿಕ್ಕಿತು, ಬೆಲೆಯೂ ಸಿಕ್ಕಿತ್ತು.

2021 ಎಂದ ಕೂಡಲೇ ನನ್ನ ಮನಸ್ಸಿಗೆ ಬಂದದ್ದು ಬೇರೆ. ಆ ವರ್ಷದ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜರಿದು ಅಡಿಕೆ ತೋಟಗಳು ಮಣ್ಣಿನಡಿ ಹೋದವು. ಅದೇ ವರ್ಷದ ನವೆಂಬರ್‌ನಲ್ಲಿ, ಆಕಾಶ ತೊಳೆದಂತೆ ಇರಬೇಕಾದ ಕಾಲದಲ್ಲಿ, ಮಳೆ ಬಿಡಲೇ ಇಲ್ಲ. ಹೆಗ್ಗರಣೆಯ ನಮ್ಮ ಮನೆಯ ಅಂಗಳದಲ್ಲಿ ಬೇಯಿಸಿದ ಅಡಿಕೆ ಹರವುವುದು, ಮೋಡ ಕಂಡರೆ ಓಡಿಬಂದು ತಾಡಪತ್ರಿ ಮುಚ್ಚುವುದು, ಮತ್ತೆ ತೆಗೆಯುವುದು, ಇದೇ ಕೆಲಸ. ಅಪ್ಪಯ್ಯ ಒಂದು ಹಿಡಿ ಅಡಿಕೆ ಎತ್ತಿ ಬೆಳಕಿಗೆ ಹಿಡಿದು, ‘ಈ ವರ್ಷ ಬಣ್ಣ ಬೈಂದಿಲ್ಲೆ’ ಎಂದಿದ್ದ. ಆ ಅಡಿಕೆ ಪೇಟೆಗೆ ಹೋದಾಗ ವ್ಯಾಪಾರಿ ಮೂರು ಕಾಳು ಕೈಯಲ್ಲಿ ಹೊರಳಿಸಿ ಹೇಳಿದ್ದು ಒಂದೇ ಮಾತು: ‘ಸರಿಯಾಗಿ ಒಣಗಿಸಿಲ್ಲ.’ ಪಾಪ, ಈ ವರ್ಷ ಕಷ್ಟದ್ದು ಎಂದು ಅವನು ಹೇಳಲಿಲ್ಲ. ಐವತ್ತು ವರ್ಷ ಅಡಿಕೆ ಬೇಯಿಸಿದ ಮನುಷ್ಯನಿಗೆ ಒಣಗಿಸಲು ಬರುವುದಿಲ್ಲ ಎಂದು ತೀರ್ಪು ಕೊಟ್ಟು, ಕ್ವಿಂಟಲಿಗೆ ಇಷ್ಟು ಇಳಿಸಿದ.

ಒಂದೇ ವರ್ಷ, ಎರಡು ಬೆಳೆ. ಒಂದು ಬೆಳೆಯ ಕೊರತೆಗೆ ಹವಾಮಾನ ಕಾರಣ. ಇನ್ನೊಂದರ ಕೊರತೆಗೆ ಬೆಳೆದವನೇ ಕಾರಣ. ಈ ಅನ್ಯಾಯ ಸಾಧ್ಯವಾಗಿರುವುದು ಒಂದು ಸಣ್ಣ ಸಂಗತಿಯಿಂದ: ಅವರ ಬಾಟಲಿಯ ಮೇಲೆ ಇಸವಿ ಇದೆ, ನಮ್ಮ ಚೀಲದ ಮೇಲೆ ಇಲ್ಲ. ಇಸವಿ ಬರೆಯುವುದು ಶ್ರೀಮಂತರ ಶೋಕಿ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಈಗ ಹಾಗನ್ನಿಸುವುದಿಲ್ಲ. ಇಸವಿ ಎಂದರೆ ಸಾಕ್ಷಿ. ಈ ಪದಾರ್ಥವನ್ನು ನಾನೊಬ್ಬನೇ ಮಾಡಲಿಲ್ಲ, ಆ ವರ್ಷದ ಬಿಸಿಲು ಮಳೆಗಳೂ ಮಾಡಿದವು ಎಂಬ ಸಾಕ್ಷಿ. ಅದು ನಮಗೂ ಬೇಕು ಎಂಬುದೇ ಈ ಬರಹದ ಜಗಳ.

ಮೊದಲು ದ್ರಾಕ್ಷಿಯ ಮಾತು. ಕೆಂಪು ವೈನಿನ ಕೆಂಪು ರಸದ್ದಲ್ಲ. ಹೆಚ್ಚಿನ ಕಪ್ಪು ದ್ರಾಕ್ಷಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣ ಇರುವುದು ಸಿಪ್ಪೆಯಲ್ಲಿ. ಬಾಯಿ ಒಗರಾಗಿಸುವ ಟ್ಯಾನಿನ್ ಇರುವುದು ಸಿಪ್ಪೆ ಮತ್ತು ಬೀಜದಲ್ಲಿ. ಆದ್ದರಿಂದಲೇ ಕೆಂಪು ವೈನಿನ ಮೇಲೆ ಹವಾಮಾನದ ಕೈ ಜೋರು. ಬೇಸಿಗೆ ಒಣದಾಗಿದ್ದರೆ ಹಣ್ಣು ಸಣ್ಣದಾಗುತ್ತದೆ, ರಸಕ್ಕಿಂತ ಸಿಪ್ಪೆಯ ಪಾಲು ಹೆಚ್ಚುತ್ತದೆ, ವೈನ್ ಗಾಢವಾಗುತ್ತದೆ. ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ಹಣ್ಣು ನೀರು ಕುಡಿದು ಉಬ್ಬುತ್ತದೆ, ಒಡೆಯುತ್ತದೆ, ಕೊಳೆಯುತ್ತದೆ, ವೈನ್ ತೆಳುವಾಗುತ್ತದೆ. ರಾತ್ರಿ ತಂಪಿದ್ದರೆ ಹಣ್ಣಿನ ಹುಳಿ ಉಳಿಯುತ್ತದೆ. ರಾತ್ರಿಯೂ ಸೆಕೆಯಾದರೆ ಹುಳಿ ಕರಗಿ ಹೋಗುತ್ತದೆ. ಬಿಸಿಲು ಸಾಲದ ವರ್ಷ ಕ್ಯಾಬರ್ನೆ ಸೊವಿನ್ಯೋನ್ ಎಂಬ ಜಾತಿಯ ಹಣ್ಣಿನ ವೈನಿನಲ್ಲಿ ಹಸಿ ದೊಣ್ಣೆಮೆಣಸಿನ ವಾಸನೆ ಬರುತ್ತದೆ. ಬಿಸಿಲು ಅತಿಯಾದ ವರ್ಷ ಸಕ್ಕರೆ ಮುಂದೆ ಓಡಿ, ಒಗರು ಹದಕ್ಕೆ ಬರುವ ಮೊದಲೇ ಹಣ್ಣು ಕೊಯ್ಯಬೇಕಾಗುತ್ತದೆ. ಆಗ ವೈನಿನಲ್ಲಿ ಮದ್ಯದ ಖಾರ ಮುಂದೆ ನಿಂತು ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ಯೂರೋಪನ್ನು ಬೇಯಿಸಿದ 2003ರಲ್ಲಿ ಫ್ರಾನ್ಸಿನ ಎಷ್ಟೋ ಕಡೆ ಆಗಸ್ಟ್‌ನಲ್ಲೇ ಕೊಯ್ಲು ಶುರುವಾಗಿತ್ತು.

ಇದು ರಸಿಕರ ಕಲ್ಪನೆಯೇನೂ ಅಲ್ಲ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಆರ್ಲಿ ಆಶೆನ್‌ಫೆಲ್ಟರ್ ಬೋರ್ಡೋದ ಹವಾಮಾನ ದಾಖಲೆಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಮಾಡಿದರು. ಹಿಂದಿನ ಚಳಿಗಾಲದ ಮಳೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಸರಾಸರಿ ಉಷ್ಣಾಂಶ, ಕೊಯ್ಲಿಗೆ ಮುಂಚಿನ ಆಗಸ್ಟ್-ಸೆಪ್ಟೆಂಬರ್ ಮಳೆ. ಮೊದಲ ಎರಡು ಹೆಚ್ಚಾದರೆ ವೈನ್ ಒಳ್ಳೆಯದು, ಮೂರನೆಯದು ಹೆಚ್ಚಾದರೆ ಕೆಟ್ಟದ್ದು. ರುಚಿ ನೋಡದೆಯೇ ಒಂದು ವರ್ಷದ ವೈನ್ ಮುಂದೆ ಎಷ್ಟಕ್ಕೆ ಹೋದೀತು ಎಂದು ಈ ಸೂತ್ರ ಹೇಳುತ್ತಿತ್ತು. 1990ರ ಹೊತ್ತಿಗೆ ಇದು ಪತ್ರಿಕೆಗಳಲ್ಲಿ ಬಂದಾಗ ರುಚಿ ನೋಡಿ ಬದುಕುವ ವಿಮರ್ಶಕರು ಸಿಟ್ಟಾದರು, ಗೇಲಿ ಮಾಡಿದರು. ನಾಲಿಗೆಯೋ ಸೂತ್ರವೋ ಎಂಬುದು ಅವರವರ ಜಗಳ. ಆದರೆ ಬಾಟಲಿಯೊಳಗೆ ಇರುವುದು ಒಂದು ವರ್ಷದ ಹವಾಮಾನ ಎಂಬ ವಿಷಯದಲ್ಲಿ ಎರಡೂ ಕಡೆಯವರಿಗೆ ಅನುಮಾನ ಇರಲಿಲ್ಲ.

ದ್ರಾಕ್ಷಿಯ ಈ ಗುಣ ಫ್ರಾನ್ಸಿಗೆ ಮೀಸಲೂ ಅಲ್ಲ. 1988ರಲ್ಲಿ ಕನ್ವಲ್ ಗ್ರೋವರ್ ನಂದಿಬೆಟ್ಟದ ಬುಡದಲ್ಲಿ, ದೊಡ್ಡಬಳ್ಳಾಪುರದ ಹತ್ತಿರ, ವೈನ್ ದ್ರಾಕ್ಷಿಗೆ ಕೈಹಾಕಿದರು. ಮುಂದೆ ಬೋರ್ಡೋದ ಮಿಷೆಲ್ ರೋಲಾಂ ಅವರಿಗೆ ಸಲಹೆಗಾರರಾದರು. ನಮ್ಮ ಬಿಸಿ ಸೀಮೆಯಲ್ಲಿ ಬಳ್ಳಿ ಚಳಿಗೆ ಎಲೆ ಉದುರಿಸಿ ಮಲಗುವುದಿಲ್ಲ. ಆದ್ದರಿಂದ ಅದನ್ನು ವರ್ಷಕ್ಕೆ ಎರಡು ಸಲ ಸವರುತ್ತಾರೆ: ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಮ್ಮೆ, ಹಣ್ಣಿಗಾಗಿ ಮಳೆಗಾಲ ಹಿಂದೆ ಸರಿಯುವಾಗ ಇನ್ನೊಮ್ಮೆ. ಫ್ರಾನ್ಸಿನಲ್ಲಿ ಹಣ್ಣು ಬೇಸಿಗೆಯಲ್ಲಿ ಬಲಿತು ಮಳೆ-ಚಳಿಗೆ ಹೆದರಿದರೆ, ಇಲ್ಲಿ ಚಳಿಗಾಲದಲ್ಲಿ ಬಲಿತು ಬೇಸಿಗೆಗೆ ಹೆದರುತ್ತದೆ. ಹೂವಿನ ಹೊತ್ತಿಗೆ ಬಂಗಾಳ ಕೊಲ್ಲಿಯಿಂದ ಚಂಡಮಾರುತ ಎದ್ದರೆ ಮುಗಿಯಿತು. 2021ರ ನವೆಂಬರ್‌ನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಕೆರೆಗಳು ಕೋಡಿ ಹರಿಯುವಂತೆ ಸುರಿದ ಅಕಾಲದ ಮಳೆ ನೆನಪಿದೆಯಲ್ಲ? ನಮ್ಮ ಅಂಗಳದ ಅಡಿಕೆಯ ಬಣ್ಣ ಕೆಡಿಸಿದ್ದೂ ಆ ನವೆಂಬರೇ. ಬಯಲುಸೀಮೆಯ ದ್ರಾಕ್ಷಿಗೂ ಘಟ್ಟದ ಅಡಿಕೆಗೂ ಆ ವರ್ಷ ಒಂದೇ ತಿಂಗಳು ಶತ್ರುವಾಗಿತ್ತು.

ಇಲ್ಲಿಂದ ನಮ್ಮೂರಿಗೆ ಬರೋಣ. ಹೆಗ್ಗರಣೆ ಸಿದ್ದಾಪುರ ತಾಲೂಕಿನಲ್ಲಿದೆ. ಹತ್ತಿರದಲ್ಲೇ ಅಘನಾಶಿನಿ 116 ಮೀಟರ್ ಕೆಳಕ್ಕೆ ಧುಮುಕುವ ಉಂಚಳ್ಳಿ ಜಲಪಾತ. ಅದರ ಸದ್ದಿಗೆ ಕಿವಿ ಕೆಪ್ಪಾಗುತ್ತದೆಂದು ಕೆಪ್ಪ ಜೋಗ ಎಂದೂ ಕರೆಯುತ್ತಾರೆ. ಇಂಥ ಊರಿನಲ್ಲಿ ವೈನ್ ಕುಡಿಯದವರ ಬಾಯಲ್ಲೂ ಪ್ರತಿ ಜೂನ್‌ನಲ್ಲಿ ಒಂದು ಫ್ರೆಂಚ್ ಊರಿನ ಹೆಸರು ಬರುತ್ತದೆ. ‘ಬೋರ್ಡೋ ಹೊಡದಾತಾ?’ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಬೆನ್ನಿಗೂ ಮರಕ್ಕೂ ಹಗ್ಗ ಬಿಗಿದುಕೊಂಡು, ನೆನೆದ ಮರ ಹತ್ತಿ, ಒಂದೊಂದು ಕೊನೆಗೂ ಸಿಂಪಡಿಸಬೇಕು. ಸಿಂಪಡಿಸದಿದ್ದರೆ ಕೊಳೆ ರೋಗ. ಎಳೆ ಅಡಿಕೆ ತೋಟದ ತುಂಬ ಉದುರುತ್ತದೆ.

ಈ ಮದ್ದು ಹುಟ್ಟಿದ್ದು ಅದೇ ವೈನಿನ ಬೋರ್ಡೋದಲ್ಲಿ. 1882ರಲ್ಲಿ ಸೇಂಟ್ ಜೂಲಿಯನ್ ಎಂಬಲ್ಲಿ ರಸ್ತೆಬದಿಯ ದ್ರಾಕ್ಷಿ ಕದಿಯದಿರಲೆಂದು ರೈತರು ಮೈಲುತುತ್ತ, ಸುಣ್ಣ ಬಳಿದಿದ್ದರು. ಬಳಿದ ಬಳ್ಳಿಗೆ ಬೂಜು ರೋಗ ತಗಲದ್ದನ್ನು ಪ್ರೊಫೆಸರ್ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದರು, ಅಡಿಕೆಗೂ ಈ ಮದ್ದೇ ಎಂದು ತೋರಿಸಿಕೊಟ್ಟರು. ಅದಕ್ಕೆ ಮೊದಲು ನಮ್ಮವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ದ್ರಾಕ್ಷಿಯ ಆ ರೋಗವೂ ಅಡಿಕೆಯ ಕೊಳೆಯೂ ಒಂದೇ ಬಳಗದ ಸೂಕ್ಷ್ಮಜೀವಿಗಳದ್ದು. ಎರಡಕ್ಕೂ ತೇವ ಬೇಕು. ಅಂದರೆ ಫ್ರಾನ್ಸಿನ ಬಳ್ಳಿಯ ಮಳೆಗಾಲದ ಭಯವೂ ನಮ್ಮ ಮರದ ಮಳೆಗಾಲದ ಭಯವೂ ನಂಟರು. ಮದ್ದನ್ನು ಅಲ್ಲಿಂದ ತಂದೆವು. ಬಾಟಲಿಯ ಮೇಲೆ ಇಸವಿ ಬರೆಯುವ ಬುದ್ಧಿಯನ್ನು ಮಾತ್ರ ತರಲಿಲ್ಲ.

ವೈನಿಗೆ ವರ್ಷ ಇರಬಹುದು, ಅಡಿಕೆಗೆಂಥ ವರ್ಷ ಎನ್ನುವವರಿಗೆ ನಮ್ಮ ಕೆಂಪಡಿಕೆ ಆಗುವ ಬಗೆ ಗೊತ್ತಿಲ್ಲ. ಹಸಿ ಅಡಿಕೆಯನ್ನು ಮೆಟ್ಟುಕತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಚೊಗರು ಹಾಕಿ ಬೇಯಿಸಿ, ಬಿಸಿಲಿಗೆ ಹರವಿದಾಗ ಆ ಕೆಂಪು ಬರುತ್ತದೆ. ಚೊಗರು ಎಂದರೆ ಅಡಿಕೆಯದೇ ಟ್ಯಾನಿನ್. ಕೆಂಪು ವೈನಿನ ಒಗರಿನ ದಾಯಾದಿ. ಅದು ಎಳೆ ಅಡಿಕೆಯಲ್ಲಿ ಹೆಚ್ಚು, ಬಲಿತಂತೆ ಕಡಿಮೆ. ಹಾಗಾಗಿ ಯಾವ ವಾರ ಕೊಯ್ಯುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ. ಮಳೆ ಹಿಡಿದು ಕೊನೆಗೌಡ ಮರ ಹತ್ತಲಾಗದೆ ಹತ್ತು ದಿನ ಹೋದರೆ ಹದ ಮೀರುತ್ತದೆ, ರಾಶಿ ಆಗಬೇಕಾದದ್ದು ಗೋಟಾಗುತ್ತದೆ. ಬೇಯಿಸಿದ ಮೇಲೆ ಬಿಸಿಲು ಸಿಗದಿದ್ದರೆ ಬಣ್ಣ ಕೂರುವುದಿಲ್ಲ, ಹೊಳಪು ಏಳುವುದಿಲ್ಲ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಣಗಿಸುವ ಚಾಲಿಗೆ ಸುಮಾರು ನಲವತ್ತು ದಿನಗಳ ಬಿಸಿಲು ಬೇಕು. ನಡುವೆ ಒಂದು ಮಳೆ ಬಿದ್ದರೂ ಒಳಗೆ ಬೂಸ್ಟು. ಇನ್ನೂ ಹಿಂದಕ್ಕೆ ಹೋದರೆ ಸಿಂಗಾರ ಒಡೆಯುವಾಗಿನ ಇಬ್ಬನಿ, ಏಪ್ರಿಲ್-ಮೇ ಸೆಕೆಗೆ ಉದುರುವ ಮಿಳ್ಳೆ, ಜುಲೈಯ ಹೊಳವಿಲ್ಲದ ಮಳೆ, ಈಚಿನ ವರ್ಷಗಳಲ್ಲಿ ಎಲೆಚುಕ್ಕಿ. ದ್ರಾಕ್ಷಿಯ ಹಾಗೆಯೇ ಅಡಿಕೆಯೂ ತನ್ನ ವರ್ಷವನ್ನು ಮೈಯಲ್ಲಿ ಬರೆದುಕೊಂಡೇ ಪೇಟೆಗೆ ಹೋಗುತ್ತದೆ.

ಆದರೆ ಪೇಟೆಯಲ್ಲಿ ಅದನ್ನು ಓದುವ ಭಾಷೆ ಇಲ್ಲ. ಅಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು, ಚಾಲಿ, ಕೋಕಾ ಇವೆ. ಒಳ್ಳೆಯ ಹೆಸರುಗಳೇ; ಪ್ರತಿಯೊಂದರ ಹಿಂದೆಯೂ ತಲೆಮಾರುಗಳ ಕಣ್ಣು ಇದೆ. ಅಡಿಕೆ ಹೇಗಿದೆ ಎಂಬುದನ್ನು ಅವು ಹೇಳುತ್ತವೆ. ಯಾಕೆ ಹಾಗಿದೆ ಎಂಬುದನ್ನು ಹೇಳುವುದಿಲ್ಲ. ಯಾಕೆ ಎಂಬುದು ಬಿಟ್ಟುಹೋದಾಗ ಆ ಜಾಗಕ್ಕೆ ಬೆಳೆಗಾರನ ಸೋಮಾರಿತನ ಬಂದು ಕೂರುತ್ತದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಜಿಐ ಮಾನ್ಯತೆ ಸಿಕ್ಕಿತು. ಅಡಿಕೆಗೆ ಸಿಕ್ಕ ಮೊದಲ ಜಿಐ ಅದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಅಡಿಕೆಗೆ ಬೇರೆಲ್ಲೂ ಬಾರದ ರುಚಿ ಇದೆ ಎಂದು ಕಾನೂನು ಒಪ್ಪಿತು. ನಾವೆಲ್ಲ ಹೆಮ್ಮೆಪಟ್ಟೆವು, ಪಡಬೇಕಾದ್ದೇ. ಆದರೆ ಊರಿನ ಮಣ್ಣು ರುಚಿ ಕೊಡುತ್ತದೆ ಎಂದು ಒಪ್ಪಿದ ಮೇಲೆ, ಆ ಊರಿನ ಮೇಲೆ ಆ ವರ್ಷ ಬಿದ್ದ ಮಳೆಯೂ ಕೊಡುತ್ತದೆ ಎಂದು ಒಪ್ಪಲು ಏನು ಅಡ್ಡಿ? ಜಾಗ ಬರೆದು ಕಾಲ ಬರೆಯದಿದ್ದರೆ ಅದು ಅರ್ಧ ವಿಳಾಸ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಕೆಲವು ನನ್ನ ಮನೆಯೊಳಗಿನವೇ.

ಮೊದಲನೆಯದು: ‘ಹಳೇ ಚಾಲಿ, ಹೊಸ ಚಾಲಿ ಹೇಳಿ ಉಂಟಲಾ ಮಾರಾಯಾ, ಪ್ಯಾಕೆಟ್ಟಿನ ಮೇಲೆ ತಾರೀಕೂ ಉಂಟು.’ ಉಂಟು. ಆದರೆ ಹಳೇದು, ಹೊಸದು ಎಂಬುದು ವಯಸ್ಸು. ಪ್ಯಾಕೆಟ್ಟಿನ ತಾರೀಕು ತುಂಬಿದ ದಿನ. ಇವೆರಡೂ ಆ ಅಡಿಕೆ ಯಾವ ಮಳೆಗಾಲ ದಾಟಿ ಬಂತು ಎಂದು ಹೇಳುವುದಿಲ್ಲ. ಒಬ್ಬ ಮನುಷ್ಯನಿಗೆ ಎಪ್ಪತ್ತು ವರ್ಷ ಎನ್ನುವುದಕ್ಕೂ ಅವನು ಯಾವ ಬರಗಾಲದಲ್ಲಿ ಹುಟ್ಟಿದ ಎನ್ನುವುದಕ್ಕೂ ವ್ಯತ್ಯಾಸ ಇಲ್ಲವೆ?

ಎರಡನೆಯದು ಗಟ್ಟಿ ಆಕ್ಷೇಪ: ‘ಕೆಟ್ಟ ವರ್ಷದ ಇಸವಿ ಬರೆದರೆ ದರ ಇನ್ನೂ ಬೀಳುತ್ತದೆ.’ ದರ ಈಗಲೂ ಬೀಳುತ್ತಿದೆ. ಬೀಳುವಾಗ ಒಬ್ಬೊಬ್ಬನನ್ನೇ ಬೇರೆಬೇರೆಯಾಗಿ ಹಿಡಿದು, ನೀನು ಒಣಗಿಸಲಿಲ್ಲ, ನೀನು ತಡಮಾಡಿದೆ ಎಂದು ತಲೆತಗ್ಗಿಸುವಂತೆ ಮಾಡಿ ಬೀಳುತ್ತಿದೆ. ಇಸವಿ ಬರೆದರೆ ಕೊರತೆ ಇಡೀ ಸೀಮೆಯದ್ದಾಗುತ್ತದೆ, ಆಕಾಶದ್ದಾಗುತ್ತದೆ; ಅದಕ್ಕೆ ಒಟ್ಟಾಗಿ ಮಾತಾಡಬಹುದು, ಚೌಕಾಶಿ ಮಾಡಬಹುದು. ಇನ್ನೊಂದು ಮಾತು. ಯಾವ ವರ್ಷ ಕೆಟ್ಟದ್ದು ಎಂದು ಮೊದಲೇ ತೀರ್ಮಾನಿಸಲು ಆಗುವುದಿಲ್ಲ. 1961ರಲ್ಲೂ ಬೋರ್ಡೋದಲ್ಲಿ ವಸಂತದ ಹಿಮ ಬಿದ್ದು ಬೆಳೆ ತೀರಾ ಕಡಿಮೆಯಾಗಿತ್ತು. ಆಮೇಲೆ ಒಣ ಬೇಸಿಗೆ ಬಂದು, ಉಳಿದ ಸ್ವಲ್ಪವೇ ಹಣ್ಣು ಗಟ್ಟಿಯಾಗಿ, ಆ ವರ್ಷದ ವೈನ್ ಇಂದಿಗೂ ದಂತಕಥೆ. ಇಸವಿ ಬರೆಯದೆ ಇದ್ದಿದ್ದರೆ 1961 ಬರೀ ಒಂದು ನಷ್ಟದ ವರ್ಷವಾಗಿ ಮರೆತುಹೋಗುತ್ತಿತ್ತು. ಅಡಿಕೆ ಕಡಿಮೆ ಬಂದು ಬಣ್ಣ ಅದ್ಭುತವಾಗಿ ಬಂದ ವರ್ಷಗಳು ನಮ್ಮಲ್ಲೂ ಇವೆ. ಅವನ್ನು ಹಿರಿಯರು ಬಾಯಲ್ಲಿ ಹೇಳುತ್ತಾರೆ, ಚೀಲ ಹೇಳುವುದಿಲ್ಲ.

ಮೂರನೆಯದು: ‘ಅಡಿಕೆ ವಿಷ, ಅದಕ್ಕೇಕೆ ಈ ಮಡಿವಂತಿಕೆ?’ ಇದನ್ನು ತಪ್ಪಿಸಿಕೊಂಡು ಹೋಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆದು ಓದಿದ ನನ್ನಂಥವರು ಈ ವಾಕ್ಯವನ್ನು ಗಂಟಲಲ್ಲಿ ಇಟ್ಟುಕೊಂಡೇ ಬದುಕಬೇಕು. ಆದರೆ ಅದೇ ಸಂಸ್ಥೆ ಮದ್ಯವನ್ನು ಅದೇ ಗುಂಪಿಗೆ 1988ರಲ್ಲೇ ಸೇರಿಸಿದೆ. ಆ ಗುಂಪಿನಲ್ಲಿದ್ದೂ ವೈನಿಗೆ ಹವಾಮಾನ, ಇತಿಹಾಸ, ಸಂಸ್ಕೃತಿ ಎಲ್ಲ ಇರಬಹುದಾದರೆ, ಇಲ್ಲಿನವರ ದುಡಿಮೆಗೆ ಮಾತ್ರ ಯಾಕಿಲ್ಲ? ಅಡಿಕೆ ತಿನ್ನಿ ಎಂದು ನಾನು ಹೇಳುತ್ತಿಲ್ಲ. ಕಾಳುಮೆಣಸು, ಜೇನುತುಪ್ಪ, ಮುರುಗಲು, ಅಪ್ಪೆಮಿಡಿ ಯಾವುದನ್ನು ಬೇಕಾದರೂ ಅಡಿಕೆಯ ಜಾಗದಲ್ಲಿಟ್ಟು ಈ ಬರಹ ಓದಿ. ಕಾಡು ಹೂಬಿಡುವಾಗ ಮಳೆ ಬಂದ ವರ್ಷದ ಜೇನೂ ಬಾರದ ವರ್ಷದ ಜೇನೂ ಒಂದೇ ಅಲ್ಲ. ಆದರೆ ಬಾಟಲಿಗಳು ಒಂದೇ ಥರ, ಲೇಬಲ್ ಒಂದೇ ಥರ.

ವೈನ್ ಲೋಕ ಸತ್ಯಹರಿಶ್ಚಂದ್ರನ ಮನೆ ಎಂದೂ ನಾನು ಹೇಳುವುದಿಲ್ಲ. ಯೂರೋಪಿನ ಕಾನೂನಿನ ಪ್ರಕಾರ ಬಾಟಲಿಯ ಮೇಲಿನ ಇಸವಿಯ ದ್ರಾಕ್ಷಿ ಶೇ. 85 ಇದ್ದರೆ ಸಾಕು. ಬಿಸಿಲು ಸಾಲದ ವರ್ಷಗಳಲ್ಲಿ ಹಣ್ಣಿನ ರಸಕ್ಕೆ ಸಕ್ಕರೆ ಬೆರೆಸಲು ಫ್ರಾನ್ಸಿನಲ್ಲಿ ಅವಕಾಶ ಇದೆ. ಹೆಸರಾದ ವರ್ಷಗಳ ಬಾಟಲಿಗಳನ್ನು ಕೂಡಿಟ್ಟು ಷೇರಿನಂತೆ ಮಾರುವವರೂ ಇದ್ದಾರೆ. ನನಗೆ ಆ ವ್ಯಾಪಾರ ಬೇಡ. ಇಸವಿ ಬರೆಯುವ ಅಭ್ಯಾಸದಿಂದ ಅವರಿಗೆ ಸಿಕ್ಕಿದ ಇನ್ನೊಂದು ಸಂಪತ್ತಿನ ಮೇಲೆ ನನ್ನ ಕಣ್ಣು.

ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದಲ್ಲಿ ಬೋನ್ ಎಂಬ ಊರಿದೆ. ಅಲ್ಲಿ ಪ್ರತಿ ವರ್ಷ ದ್ರಾಕ್ಷಿ ಕೊಯ್ಲು ಶುರುವಾದ ದಿನವನ್ನು ಯಾರೋ ಎಲ್ಲೋ ಬರೆದಿಟ್ಟಿದ್ದಾರೆ, ಕೂಲಿಯ ಲೆಕ್ಕದಲ್ಲಿ, ಊರಿನ ಸಭೆಯ ನಡಾವಳಿಯಲ್ಲಿ. ವಿದ್ವಾಂಸರು ಅವನ್ನೆಲ್ಲ ಜೋಡಿಸಿ 1354ರಿಂದ 2018ರವರೆಗಿನ ಪಟ್ಟಿಯನ್ನು 2019ರಲ್ಲಿ ಪ್ರಕಟಿಸಿದರು. 1988ರಿಂದ ಈಚೆಗೆ ಕೊಯ್ಲು ಸರಾಸರಿ 13 ದಿನ ಮುಂಚೆ ಬರುತ್ತಿದೆ ಎಂದು ಆ ಪಟ್ಟಿ ತೋರಿಸಿತು. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಆರೂವರೆ ಶತಮಾನಗಳ ಸಾಕ್ಷಿಯನ್ನು ಒದಗಿಸಿದವರು ಕೊಯ್ಲಿನ ದಿನ ಬರೆದಿಟ್ಟ ಗುಮಾಸ್ತರು.

ನಮ್ಮಲ್ಲಿ ಏನಿದೆ? ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಪಂಚಾಯಿತಿಯ ಮಳೆಮಾಪಕದ ಮಿಲಿಮೀಟರ್ ನೋಡಿ ಅಡಿಕೆಗೂ ಮೆಣಸಿಗೂ ಪರಿಹಾರ ಲೆಕ್ಕ ಹಾಕುತ್ತಾರೆ. ನಮ್ಮ ವ್ಯವಹಾರದಲ್ಲಿ ವರ್ಷದ ಹವಾಮಾನಕ್ಕೆ ಬೆಲೆ ಇರುವ ಒಂದೇ ಕಾಗದ ಅದು. ಆದರೆ ಎಷ್ಟು ಮಳೆ ಎಂದಷ್ಟೇ ಅದಕ್ಕೆ ಗೊತ್ತು, ಬಣ್ಣ ಗೊತ್ತಿಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಎಂದು ಸರ್ಕಾರ ಸಾರಿತು; ಆ ಬರ ಯಾವ ತೋಟದ ಅಡಿಕೆಯ ಚೊಗರನ್ನು ಏನು ಮಾಡಿತು ಎಂದು ಯಾವ ಆದೇಶದಲ್ಲೂ ಇರುವುದಿಲ್ಲ. ಇದ್ದರೆ ಅದು ಇರುವುದು ಮನೆಯ ಅಟ್ಟದಲ್ಲಿ, ಕಿರ್ದಿ ಪುಸ್ತಕದಲ್ಲಿ.

ನಮ್ಮ ಅಜ್ಜನ ಕಿರ್ದಿ ನನ್ನ ಹತ್ತಿರ ಇದೆ. ಗೆದ್ದಲು ತಿಂದು ಉಳಿದದ್ದು. ಒಂದು ಪುಟದ ತಲೆಯ ಮೇಲೆ ‘ಪ್ಲವ ಸಂವತ್ಸರ’ ಎಂದಿದೆ. ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು. ಈಚಿನ ಪ್ಲವ ಶುರುವಾದದ್ದು 2021ರ ಯುಗಾದಿಗೆ, ಕಳಚೆಯ ವರ್ಷ. ಅದರ ಹಿಂದಿನದು 1961ರ ಯುಗಾದಿಗೆ. ಬೋರ್ಡೋದ ಆ ದಂತಕಥೆಯ ವರ್ಷ, ಭಾರತದ ಮುಂಗಾರಿನ ದಾಖಲೆಯಲ್ಲಿ ಅತಿ ಹೆಚ್ಚು ಮಳೆ ಸುರಿದ ವರ್ಷಗಳಲ್ಲೊಂದು. ಅಜ್ಜ ಶ್ರಾವಣದಲ್ಲಿ ಕೂಲಿಯ ಲೆಕ್ಕದ ಪಕ್ಕ ಮೂರೇ ಪದ ಬರೆದಿದ್ದಾನೆ: ‘ಮಳೆ ಹೊಳವು ಇಲ್ಲ.’ ಮುಂದಿನ ಪುಟದಲ್ಲಿ ಕೊನೆ ಕೊಯ್ಸಿದ ದಿನ, ಎಷ್ಟು ಕೊನೆ, ಕೊನೆಗೌಡನಿಗೆ ಕೊಟ್ಟ ಭತ್ತ. ಅಷ್ಟೇ. ಅಷ್ಟರಿಂದಲೇ ಆ ವರ್ಷದ ಅಡಿಕೆ ಹೇಗಿದ್ದಿರಬಹುದು ಎಂದು ನಾನು ಊಹಿಸಬಲ್ಲೆ. ಮಳೆ ಹಿಡಿದ ದಿನಗಳಲ್ಲಿ ಕೆಲಸವಿಲ್ಲದೆ ಕೂತ ಆ ಕೊನೆಗೌಡನ ಮನೆಯ ಒಲೆ ಹೇಗೆ ಉರಿಯಿತು ಎಂಬುದನ್ನೂ ಊಹಿಸಬೇಕು. ಅದನ್ನು ಮಾತ್ರ ಯಾರೂ ಬರೆದಿಲ್ಲ. ವರ್ಷದ ಪೆಟ್ಟು ಮೊದಲು ಬೀಳುವುದು ಮರದ ಮೇಲೆ ಇರುವವನಿಗೆ, ಅಂಗಳದಲ್ಲಿ ಇರುವವನಿಗೆ ಆಮೇಲೆ.

ಯೋಚಿಸಿ ನೋಡಿ. ಫ್ರೆಂಚರ ಬಾಟಲಿಯ ಮೇಲೆ ಬರೀ ಅಂಕಿ. ನಮ್ಮಲ್ಲಿ ಪ್ರತಿ ವರ್ಷಕ್ಕೂ ಹೆಸರೇ ಇದೆ, ಅರವತ್ತು ಹೆಸರು. ಮಳೆಗೂ ಹೆಸರಿದೆ: ಆರ್ದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಸಿಂಗಾರಕ್ಕೊಂದು, ಮಿಳ್ಳೆಗೊಂದು, ಗೋಟಿಗೊಂದು ಪದ ಇದೆ. ವರ್ಷದ ಹವಾಮಾನವನ್ನು ಹಿಡಿದಿಡಲು ಇಷ್ಟು ತಯಾರಾಗಿರುವ ಭಾಷೆಯನ್ನು ಇಟ್ಟುಕೊಂಡು ನಾವು ಮಾರುವ ಯಾವ ಪದಾರ್ಥದ ಮೇಲೂ ವರ್ಷ ಬರೆಯುವುದಿಲ್ಲ. ಸಂವತ್ಸರದ ಹೆಸರುಗಳು ಸಂಕಲ್ಪಕ್ಕೆ, ಲಗ್ನಪತ್ರಿಕೆಗೆ ಮಾತ್ರ ಉಳಿದಿವೆ. ನಮ್ಮ ಕತೆ, ಪ್ರಬಂಧಗಳೂ ಈ ಮರೆವಿನಲ್ಲಿ ಪಾಲುದಾರರು. ಮಲೆನಾಡಿನ ಕತೆಯೆಂದರೆ ಮಳೆ ಸುರಿಯಲೇಬೇಕು; ಆದರೆ ಎಷ್ಟೋ ಕತೆಗಳಲ್ಲಿ ಅದು ಯಾವ ವರ್ಷದ್ದೂ ಅಲ್ಲದ ಮಳೆ, ಪರದೆಯ ಮೇಲೆ ಬರೆದ ಮಳೆ. ಈ ಮಾತು ನನ್ನ ಬರಹಕ್ಕೂ ಅನ್ವಯಿಸುತ್ತದೆ. ನಾನೂ ಮಳೆಯ ಮೇಲೆ ಬೇಕಾದಷ್ಟು ಬರೆದಿದ್ದೇನೆ, ಒಂದರ ಮೇಲೂ ತಾರೀಕು ಹಾಕಿಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡದೇನೂ ಅಲ್ಲ. ಜಿಐ ಮುದ್ರೆ ಹೊತ್ತು ಹೋಗುವ ಅಡಿಕೆಯ ಮೇಲೆ ಕೊಯ್ಲಿನ ವರ್ಷ ಬರೆಯೋಣ. ಬೆಳೆಗಾರರ ಸಹಕಾರಿ ಸಂಘಗಳು ತಮ್ಮ ವಾರ್ಷಿಕ ವರದಿಯಲ್ಲಿ ಲಾಭಾಂಶದ ಜೊತೆಗೆ ಒಂದು ಪುಟ ಆ ವರ್ಷದ ಹವಾಮಾನ, ಅದು ಅಡಿಕೆಗೆ ಮಾಡಿದ್ದು, ಮರ ಹತ್ತಿದವರಿಗೆ ತಪ್ಪಿದ ಕೂಲಿಯ ದಿನಗಳು ಇಷ್ಟನ್ನು ಅಚ್ಚು ಮಾಡಲಿ. ಇನ್ನು ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಅಟ್ಟ ಹತ್ತಿ ಕಿರ್ದಿ ಇಳಿಸಿ. ಗೆದ್ದಲಿಗಿಂತ ಮೊದಲು ನೀವು ಅದನ್ನು ಮುಟ್ಟಬೇಕು. ಕೊನೆ ಕೊಯ್ದ ದಿನಗಳನ್ನು ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಮೂರು ತಾಲೂಕುಗಳಿಂದ ನೂರು ಮನೆಯ ಕಿರ್ದಿ ಸಿಕ್ಕರೆ ಬೋನ್ ಊರಿನ ಪಟ್ಟಿಯ ಪಕ್ಕ ಇಡಬಹುದಾದ ಒಂದು ಪಟ್ಟಿ ನಮ್ಮದೂ ಆದೀತು.

ಊಟ ಮುಗಿಸಿ ಹೊರಡುವಾಗ ಆ ಸ್ನೇಹಿತರು ಕೇಳಿದರು, ‘ನಿಮ್ಮ ಕಡೆ ಅಡಿಕೆಗೆ ಈಗ ರೇಟ್ ಎಷ್ಟಿದೆ?’ ಎಲ್ಲರೂ ಕೇಳುವುದು ಅದನ್ನೇ. ಯಾವ ವರ್ಷದ್ದಕ್ಕೆ ಎಂದು ತಿರುಗಿ ಕೇಳಿದೆ. ಅವರು ನಕ್ಕರು, ತಮಾಷೆ ಎಂದುಕೊಂಡರು. ನಾನು ತಮಾಷೆ ಮಾಡಿರಲಿಲ್ಲ.